ನೆಂಟರಿಲ್ಲದ ಊರಿಗೆ ಸೊನ್ನೆ ಅಂಕ

ಯಾವ ವಿಷಯವನ್ನೇ ಆಗಲಿ, ಹತ್ತು ಕಾಲಂ ಹಾಕಿ ಅಂಕ ಕೊಟ್ಟು ಕೂಡಿಸಿದರೆ ಸತ್ಯ ತಾನಾಗಿ ಹೊರಬೀಳುತ್ತದೆ ಎಂದು ನಾನು ದೃಢವಾಗಿ ನಂಬಿದ್ದೆ. ಸಿಂಗಪುರದ ಒಂದು ಬ್ಯಾಂಕಿನಲ್ಲಿ ಹದಿನಾರು ವರ್ಷದಿಂದ ನನಗೆ ಅನ್ನ ಹಾಕುತ್ತಿರುವುದು ಈ ನಂಬಿಕೆಯೇ. ಪುಂಗೋಲ್‌ನ ಫ್ಲಾಟ್ ಆರಿಸಿದ್ದು ಹಾಗೆ, ಮಗಳು ಅನಘಾಳ ಶಾಲೆ ಆರಿಸಿದ್ದು ಹಾಗೆ, ಮನೆಗೆ ಯಾವ ಅಕ್ಕಿ ತರಬೇಕೆಂದು ತೀರ್ಮಾನಿಸಿದ್ದೂ ಹಾಗೆಯೇ. ಮದುವೆ ಮಾತ್ರ ಜಾತಕ ನೋಡಿ ಆದದ್ದು. ಅದರಲ್ಲೂ ಅಂಕಗಳಿದ್ದವು ಎಂದು ಆಮೇಲೆ ತಿಳಿದು ಸಮಾಧಾನವಾಯಿತು.

ಹೀಗಿರುವಾಗ ಒಂದು ದಿನ ನನ್ನ ಹೆಂಡತಿ ವಾಣಿ ಕಾಫಿ ಲೋಟ ಮುಂದಿಟ್ಟು ಹೇಳಿದಳು. "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ಜೂನ್ ರಜೆಯಲ್ಲಿ ಹತ್ತು ದಿನ ಅಮೆರಿಕಕ್ಕೆ ಹೋಗೋಣ. ನಂಗೆ ಒಳ್ಳೆ ಆರ್ಟ್ ನೋಡ್ಬೇಕು, ನೆಮ್ಮದಿಯಾಗಿ. ಬೇರೇನೂ ಬೇಡ."

ಅವಳ ಕೋರಿಕೆಯಲ್ಲಿ ಅನ್ಯಾಯವೇನಿರಲಿಲ್ಲ. ನಾವು ಹಿಂದೆ ಎರಡು ಸಲ ಅಮೆರಿಕಕ್ಕೆ ಹೋಗಿ ಬಂದವರು. ಎರಡು ಸಲವೂ ನೋಡಿದ್ದು ನೆಂಟರ ಮನೆಗಳು. ಅವರ ಹೊಸ ಅಡುಗೆಮನೆ, ಅವರ ಬೇಸ್‌ಮೆಂಟು, ಅವರ ಸ್ನೇಹಿತರ ಬೇಸ್‌ಮೆಂಟು. ವಾಣಿ ಮೂರು ಊರುಗಳಲ್ಲಿ ಹುರುಳಿಕಾಯಿ ಹೆಚ್ಚಿದ್ದಳು. ಚಿಕಾಗೋದಲ್ಲಿ ಅವಳ ಅಣ್ಣ, ನನ್ನ ಶ್ರೀಧರ ಭಾವ, ಕಾರಿನಲ್ಲಿ ಹೋಗುತ್ತಾ "ಇದೇ ನೋಡಮ್ಮ, ಫೇಮಸ್ ಮ್ಯೂಸಿಯಂ" ಎಂದು ಕಿಟಕಿಯಿಂದ ತೋರಿಸಿದ್ದರು. ಅವಳು ಕತ್ತು ತಿರುಗಿಸುವಷ್ಟರಲ್ಲಿ ಸಿಗ್ನಲ್ ಹಸಿರಾಯಿತು. ಅಷ್ಟು ದೂರ ಹೋಗಿ ಅವಳು ಕಂಡ ಕಲೆ ಎಂದರೆ ಮ್ಯೂಸಿಯಂ ಮುಂದಿನ ಕಂಚಿನ ಸಿಂಹದ ಹಿಂಭಾಗ.

"ಈ ಸಲ ಹಾಗಾಗಲ್ಲ. ಸೈಂಟಿಫಿಕ್ಕಾಗಿ ಮಾಡೋಣ" ಎಂದೆ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಇಪ್ಪತ್ತು ವರ್ಷದ ಅನುಭವ.

ಒಂದು ವಾರ ಕೂತು ಅಮೆರಿಕದ ಹನ್ನೊಂದು ನಗರಗಳನ್ನು ಕಲಾಯಾತ್ರೆಯ ದೃಷ್ಟಿಯಿಂದ ಶ್ರೇಣೀಕರಿಸುವ ಎಕ್ಸೆಲ್ ಹಾಳೆಯೊಂದನ್ನು ಸಿದ್ಧಪಡಿಸಿದೆ. ಮ್ಯೂಸಿಯಂಗಳಿಗೆ ಒಂದು ಕಾಲಂ, ಸಂಗೀತಕ್ಕೆ ಒಂದು, ನಾಟಕಕ್ಕೆ ಒಂದು, ಬೀದಿಗೋಡೆಯ ಚಿತ್ರಗಳಿಗೆ ಒಂದು. ನಡೆಯಬೇಕಾದ ದೂರವನ್ನೂ ನನ್ನ ಮಂಡಿಯನ್ನೂ ಸೇರಿಸಿ 'ಕಾಲುನೋವಿನ ಸೂಚ್ಯಂಕ' ಎಂದು ಮತ್ತೊಂದು. ಕೊನೆಗೆ ಅಭ್ಯಾಸಬಲದಿಂದ ಎರಡು ಕಾಲಂ ಸೇರಿಸಿದೆ. ಒಂದು, 'ಉಳಿಯಲು ನೆಂಟರ ಮನೆ'. ಇನ್ನೊಂದು, 'ಷರಾ'. ನೆಂಟರ ಮನೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಇಟ್ಟೆ. ನಮ್ಮವರು ಇರುವ ದೇಶಕ್ಕೆ ಹೋಗಿ ಹೋಟೆಲಿನಲ್ಲಿ ಉಳಿಯುವುದು ನಮ್ಮ ಮನೆತನದಲ್ಲಿ ಇನ್ನೂ ನಡೆದಿಲ್ಲ.

ವಾಣಿ ಬಿಶಾನ್‌ನಲ್ಲಿ ನಡೆಯುವ ಶನಿವಾರದ ಮಣ್ಣಿನ ಪಾತ್ರೆ ಕ್ಲಾಸಿಗೆ ಹೊರಟವಳು ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡಿದಳು.

"ಸ್ಯಾಂಟಾ ಫೆ ಯಾಕೆ ಕೆಂಪಗಿದೆ?"

"ಮೊದಲ ಸುತ್ತಿನಲ್ಲೇ ಹೋಯ್ತು. ಅಲ್ಲಿ ನಮ್ಮವರು ಯಾರೂ ಇಲ್ವಲ್ಲ, ಸೊನ್ನೆ."

ಅವಳು ಏಪ್ರನ್ ಚೀಲಕ್ಕೆ ಹಾಕಿಕೊಂಡು ಹೋದಳು. ಮೌನವನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ. ಆದರೆ ಒಳ್ಳೆಯ ಕೆಲಸವನ್ನು ನಾಲ್ಕು ಜನ ನೋಡದಿದ್ದರೆ ಹೇಗೆ? ನೆಂಟರ ಕಾಲಂ, ಷರಾ ಕಾಲಂ ಎರಡನ್ನೂ ಜಾಣತನದಿಂದ ಮರೆಮಾಡಿ, 'ಅಮೆರಿಕದ ಕಲಾನಗರಗಳು: ಒಂದು ತೌಲನಿಕ ಅಧ್ಯಯನ. ತಮ್ಮ ಅಮೂಲ್ಯ ಸಲಹೆಗಳಿಗೆ ಸ್ವಾಗತ' ಎಂದು ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮೊದಲ ಅಮೂಲ್ಯ ಸಲಹೆ ಹೂಸ್ಟನ್‌ನಲ್ಲಿರುವ ನನ್ನ ಸ್ವಂತ ಅಕ್ಕ ವಿಜಯಕ್ಕನಿಂದ ಬಂತು. ಫೋನಿನಲ್ಲಿ.

"ನಮ್ಮೂರು ಏಳನೇದಾ?"

"ಅಕ್ಕ, ಅದು ಊರಿನ ಕಲೆಗೆ ಕೊಟ್ಟ ರ್‍ಯಾಂಕು, ನಿಂಗಲ್ಲ."

"ಸಣ್ಣವನಿದ್ದಾಗ ನಿನ್ನ ಮೂಗು ಒರೆಸಿದ್ದು ಯಾರು? ಚಿಕಾಗೋ ಬಂದು ಒರೆಸಿತ್ತಾ?"

ಈ ವಾದಕ್ಕೆ ಬ್ಯಾಂಕಿಂಗ್ ಶಾಸ್ತ್ರದಲ್ಲಿ ಉತ್ತರವಿಲ್ಲ. ಅಕ್ಕನ ಮನೆಯಲ್ಲಿ ಪ್ರತಿ ಶುಕ್ರವಾರ ನಡೆಯುವ ಭಜನೆಯನ್ನು 'ನೇರ ಸಂಗೀತ ಪ್ರದರ್ಶನ' ಎಂದು ಪರಿಗಣಿಸಿ ಹೂಸ್ಟನ್ನಿಗೆ ಎರಡನೆಯ ಸ್ಥಾನ ಕೊಟ್ಟು ಹಾಳೆಯನ್ನು ಮತ್ತೆ ಗುಂಪಿಗೆ ಹಾಕಿದೆ. ಆಗ ಫಿಲಡೆಲ್ಫಿಯಾ ಮೂರಕ್ಕೆ ಇಳಿಯಿತು. ಅಲ್ಲಿ ವಾಣಿಯ ಚಿಕ್ಕಪ್ಪನ ಮಗಳು ಮಾಲಾ ಇದ್ದಾಳೆ.

"ನಮ್ಮೂರಲ್ಲಿ ಗೋಡೆಗೋಡೆಗೂ ಚಿತ್ರ ಬರ್ದಿದ್ದಾರೆ ಭಾವ. ಒಂದ್ಸಲ ಗೂಗಲ್ ಮಾಡಿ ನೋಡ್ಬಾರ್ದಾ?" ಎಂದಳು. ಗೂಗಲ್ ಮಾಡಿದೆ. ನಿಜವಾಗಿತ್ತು. ಫಿಲಡೆಲ್ಫಿಯಾವನ್ನು ಮೊದಲನೆಯ ಸ್ಥಾನಕ್ಕೆ ಏರಿಸಿದೆ. ಅಕ್ಕನ ಎರಡನೆಯ ಸ್ಥಾನ ಮುಟ್ಟುವ ಹಾಗಿರಲಿಲ್ಲವಾದ್ದರಿಂದ ಒಂದರಲ್ಲಿದ್ದ ಚಿಕಾಗೋ ಸದ್ದಿಲ್ಲದೆ ಮೂರಕ್ಕೆ ಬಂತು.

ಸದ್ದಿಲ್ಲದೆ ಎಂದು ನಾನು ಅಂದುಕೊಂಡದ್ದು. ಶ್ರೀಧರ ಭಾವ ವೃತ್ತಿಯಲ್ಲಿ ಆಡಿಟರ್.

ಭಾನುವಾರ ಬೆಳಗ್ಗೆ ದೋಸೆ ಹೊತ್ತಿಗೆ ವಿಡಿಯೋ ಕಾಲ್ ಬಂತು. ಒಂದು ಚೌಕದಲ್ಲಿ ಭಾವ ಮತ್ತು ಅವರ ಹೆಂಡತಿ, ಇನ್ನೊಂದರಲ್ಲಿ ವಿಜಯಕ್ಕ, ಮತ್ತೊಂದರಲ್ಲಿ ಮಾಲಾ ಮತ್ತು ಅವಳ ನಾಯಿ.

"ನಿಮ್ಮ ಟೋಟಲ್ ತಾಳೆ ಆಗ್ತಿಲ್ಲ" ಎಂದರು ಭಾವ ಶಾಂತವಾಗಿ. "ಆಮೇಲೆ ನೋಡ್ತೀನಿ, ಕಾಲಂ ಎಫ್ ಆದ್ಮೇಲೆ ನೇರವಾಗಿ ಐ ಬಂದಿದೆ. ಜಿ, ಎಚ್ ಎಲ್ಲಿ ಹೋದ್ವು?"

ನನ್ನ ಕೈಯಲ್ಲಿದ್ದ ದೋಸೆ ತುಂಡು ಚಟ್ನಿಯೊಳಗೇ ಉಳಿಯಿತು. ಪಕ್ಕದಲ್ಲಿದ್ದ ಅನಘಾ ಸಿಂಗಪುರದವರ 'ಲಾ' ಸೇರಿಸಿ ಪಿಸುಗುಟ್ಟಿದಳು. "ಅಪ್ಪ, ಹೈಡ್ ಅಂದ್ರೆ ಡಿಲೀಟ್ ಅಲ್ಲ ಲಾ."

"ನಾನೇ ಅನ್‌ಹೈಡ್ ಮಾಡ್ದೆ" ಎಂದು ಭಾವ ಕನ್ನಡಕ ಏರಿಸಿಕೊಂಡರು. ಆಮೇಲೆ ಕೋರ್ಟಿನಲ್ಲಿ ತೀರ್ಪು ಓದುವವರ ಹಾಗೆ ನನ್ನ ಷರಾಗಳನ್ನು ಒಂದೊಂದಾಗಿ ಓದಿದರು.

"ಚಿಕಾಗೋ. ಮನೆ ವಿಶಾಲ, ಹಾಸಿಗೆ ಉತ್ತಮ. ಭಾವನವರ ತೆರಿಗೆ ಉಪನ್ಯಾಸದಿಂದ ದಿನಕ್ಕೆ ಎರಡು ಗಂಟೆ ನಷ್ಟ."

"ಹೂಸ್ಟನ್. ಅಕ್ಕನ ಅಡುಗೆ ಹತ್ತಕ್ಕೆ ನಾಲ್ಕು. ಊರು ತೋರಿಸುತ್ತೇನೆಂದು ಭಜನೆಯವರ ಮನೆಗಳಿಗೆ ಕರೆದೊಯ್ಯುವ ಅಪಾಯವಿದೆ."

"ಫಿಲಡೆಲ್ಫಿಯಾ. ನಾಯಿ ಇದೆ. ಆ ಮನೆಯಲ್ಲಿ ಹೇಳಿದ ಮಾತು ಕೇಳುವುದು ಅದೊಂದೇ."

ನಾಯಿ ಮಾತ್ರ ಬಾಲ ಆಡಿಸಿತು. ವಾಣಿ ದೋಸೆ ಮಗುಚುವ ಸಟ್ಟುಗ ಹಾಗೇ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ದೋಸೆ ಸೀಯುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಎಕ್ಸೆಲ್ಲಿಗೆ ಹೋದ ಮಾನದ ಬಗ್ಗೆ ಅವರು ಏನೂ ಹೇಳಿಲ್ಲ.

ಅಂದು ಮಧ್ಯಾಹ್ನವೇ ನಾನು ಪರಿಹಾರ ಕಾರ್ಯ ಕೈಗೊಂಡೆ. ಹೊಸ ಹಾಳೆಯಲ್ಲಿ ಚಿಕಾಗೋ, ಹೂಸ್ಟನ್, ಫಿಲಡೆಲ್ಫಿಯಾ ಮೂರಕ್ಕೂ 'ಜಂಟಿ ಪ್ರಥಮ' ಎಂದು ಬರೆದೆ. ಪ್ರತಿ ಮನೆಯಲ್ಲಿ ಮೂರು ಮೂರು ದಿನ ಉಳಿಯುತ್ತೇವೆ ಎಂದು ಕ್ಷಮಾಪಣೆಯ ಜೊತೆಗೆ ಗುಂಪಿನಲ್ಲಿ ಘೋಷಿಸಿದೆ. ಒಂಬತ್ತು ದಿನ ಅಲ್ಲಿಗೆ ಮುಗಿಯಿತು. ಹತ್ತನೆಯ ದಿನ ಪ್ರಯಾಣಕ್ಕೆ. ವೇಳಾಪಟ್ಟಿಯ ಪ್ರಿಂಟ್ ತೆಗೆದು ವಾಣಿಗೆ ಕೊಟ್ಟೆ.

ಅವಳು ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲಕ್ಕೂ ಓದಿದಳು.

"ಇದರಲ್ಲಿ ಆರ್ಟ್ ಎಲ್ಲಿದೆ?"

"ಅಲ್ಲಿನ ಏರ್‌ಪೋರ್ಟ್‌ಗಳಲ್ಲಿ ಈಗ ಒಳ್ಳೊಳ್ಳೆ ಪೇಂಟಿಂಗ್ ಹಾಕಿರ್ತಾರಂತೆ."

ಈ ವಾಕ್ಯವನ್ನು ನಾನು ನಿಜವಾಗಿಯೂ ಹೇಳಿದೆ. ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ವಾಣಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಬಚಾವಾಗುತ್ತಿದ್ದೆ. ಸೋಫಾದ ಮೇಲೆ ಕೂತು, ಫೋನಿನಲ್ಲಿ ಒಂದು ಚಿತ್ರ ತೆರೆದು ನನ್ನ ಮುಂದೆ ಹಿಡಿದಳು. ಒಬ್ಬ ಮುದುಕಿ, ಅವಳ ತೊಡೆಯ ಮೇಲೊಂದು ಕಪ್ಪು ಗಡಿಗೆ.

"ಸ್ಯಾಂಟಾ ಫೆ ಹತ್ರ ಇರೋ ಮೂಲನಿವಾಸಿ ಹೆಂಗಸರು ಇವರು. ತಿಗರಿ ಇಲ್ಲದೇ ಗಡಿಗೆ ಮಾಡ್ತಾರೆ. ಮಣ್ಣನ್ನ ಹಗ್ಗದ ಹಾಗೆ ಹೊಸೆದು, ಸುತ್ತಿ ಸುತ್ತಿ, ಬರೀ ಕೈಯಲ್ಲಿ. ಎರಡು ವರ್ಷದಿಂದ ಕ್ಲಾಸಲ್ಲಿ ನಾನೂ ಅದನ್ನೇ ಟ್ರೈ ಮಾಡ್ತಿದೀನಿ, ಬರ್ತಿಲ್ಲ. ಅವರ ಪಕ್ಕದಲ್ಲಿ ಕೂತು ಒಂದ್ಸಲ ನೋಡ್ಬೇಕು ಅಂತ ಆಸೆ. ನೀವು ಹನ್ನೊಂದು ಊರಿಗೆ ಮಾರ್ಕ್ಸ್ ಹಾಕಿದ್ರಿ. ನಿನಗೇನು ಬೇಕು ಅಂತ ಒಂದ್ಸಲ ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಪುಂಗೋಲ್‌ನ ಎಲ್‌ಆರ್‌ಟಿ ರೈಲು ಕಿಟಕಿಯಾಚೆ ಬಂದು ನಿಂತು ಹೊರಟುಹೋಯಿತು. ನನಗೆ ತುಂಬಾ ನಾಚಿಕೆಯಾಯಿತು. ಎರಡು ವರ್ಷದಿಂದ ಪ್ರತಿ ಶನಿವಾರ ಈ ಹೆಂಗಸು ಉಗುರಲ್ಲಿ ಮಣ್ಣು ತುಂಬಿಕೊಂಡು ಬರುತ್ತಿದ್ದಳು. ನಾನು ಕೇಳಿದ್ದು ಊಟಕ್ಕೇನು ಎಂದು ಮಾತ್ರ.

"ಸ್ಯಾಂಟಾ ಫೆಗೇ ಹೋಗೋಣ. ನಾವಿಬ್ಬರೇ. ಹೋಟೆಲಲ್ಲೇ ಇರೋಣ" ಎಂದೆ. ಅವಳ ಮುಖ ಅರಳಿತು. ಮನೆತನದ ಇತಿಹಾಸದಲ್ಲಿ ಹೊಸ ಅಧ್ಯಾಯ ಬರೆದೆನೆಂದು ನನಗೂ ಹೆಮ್ಮೆಯಾಯಿತು. ಹೆಮ್ಮೆ ಇಪ್ಪತ್ತು ನಿಮಿಷ ಇತ್ತು. ಅಷ್ಟರಲ್ಲಿ ಗುಂಪಿನಲ್ಲಿ ಭಾವನ ಸಂದೇಶ ಬಂತು.

'ನೀವು ಬರುವ ಶ್ರಮ ತೆಗೆದುಕೊಳ್ಳಬೇಡಿ. ನಾವೇ ಜೂನ್‌ನಲ್ಲಿ ಹತ್ತು ದಿನ ಸಿಂಗಪುರಕ್ಕೆ ಬರುತ್ತೇವೆ. ನಾನು, ನನ್ನ ಹೆಂಡತಿ, ವಿಜಯ, ಅವರ ಯಜಮಾನರು. ನಿಮ್ಮ ಮನೆಗೂ ಯಾರಾದರೂ ಅಂಕ ಹಾಕಬೇಕಲ್ಲ.'

ಮಾಲಾ ಮಾತ್ರ ನಾಯಿಯನ್ನು ಬಿಟ್ಟು ಬರಲಾಗುವುದಿಲ್ಲ ಎಂದು ತಿಳಿಸಿದಳು. ಆ ನಾಯಿಯ ಮೇಲಿನ ನನ್ನ ಗೌರವ ಹೆಚ್ಚಾಯಿತು.

ಷರಾ ಬರೆದ ತಪ್ಪಿಗೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಫೋನ್ ಹಿಡಿದು ವಾಣಿಯ ಮುಖ ನೋಡಿದೆ. ಅವಳ ಹತ್ತು ದಿನ ಮತ್ತೊಮ್ಮೆ ಹುರುಳಿಕಾಯಿಗೆ ಹೋಯಿತು ಎಂದೇ ನಾನು ತಿಳಿದೆ. ಆದರೆ ಅವಳು ಸೀದಾ ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣ, ಖಂಡಿತ ಬನ್ನಿ. ನಾನು ಆಗ ಸ್ಯಾಂಟಾ ಫೆಯಲ್ಲಿ ಇರ್ತೀನಿ. ಇವರಿರ್ತಾರೆ, ಎಲ್ಲಾ ನೋಡ್ಕೋತಾರೆ."

"ಹೋಗಿ ಬಾ ಪುಟ್ಟಿ" ಎಂದರು ಭಾವ, ನನಗೂ ಕೇಳಲಿ ಎಂದು ಗಟ್ಟಿಯಾಗಿ. "ನಾವು ನೋಡಬೇಕಿರೋದು ಅವರ ಆತಿಥ್ಯಾನೇ."

ಹೀಗೆ ಜೂನ್‌ನಲ್ಲಿ ವಾಣಿ ಬೆಳಗಿನ ವಿಮಾನ ಹತ್ತಿದಳು. ಸಂಜೆ ಅದೇ ಚಾಂಗಿ ವಿಮಾನ ನಿಲ್ದಾಣದಲ್ಲಿ ನಾನು ನಾಲ್ಕು ಜನರನ್ನೂ ಒಂಬತ್ತು ಪೆಟ್ಟಿಗೆಗಳನ್ನೂ ಬರಮಾಡಿಕೊಂಡೆ.

ಆ ದಿನಗಳನ್ನು ವಿವರಿಸಲು ನನಗೆ ಧೈರ್ಯ ಸಾಲದು. ನಾನು ಮಾಡಿದ ಸಾರನ್ನು ವಿಜಯಕ್ಕ ಒಂದು ಚಮಚ ಕುಡಿದು, "ನಾನೇನೂ ನಂಬರ್ ಹಾಕಲ್ಲಪ್ಪ" ಎಂದು ಉಪ್ಪಿನ ಡಬ್ಬಿ ಹುಡುಕಿದಳು. ಪಡಾಂಗ್ ಮೈದಾನದ ಎದುರಿನ ದೊಡ್ಡ ಚಿತ್ರಶಾಲೆಗೆ ಎಲ್ಲರನ್ನೂ ಕರೆದೊಯ್ದೆ. ಹದಿನಾರು ವರ್ಷದಲ್ಲಿ ನಾನೂ ಒಳಗೆ ಹೋಗಿದ್ದು ಅದೇ ಮೊದಲು. ಬಾಗಿಲು ಯಾವುದೆಂದು ತಿಳಿಯದೆ ಕಟ್ಟಡಕ್ಕೆ ಒಂದು ಸುತ್ತು ಪ್ರದಕ್ಷಿಣೆ ಬಂದೆವು. ಒಳಗೆ ವಿಜಯಕ್ಕನ ಯಜಮಾನರು ಬೆಂಚಿನ ಮೇಲೆ ಕೂತು, "ಏಸಿ ಬಹಳ ಚೆನ್ನಾಗಿದೆ" ಎಂದು ಕಣ್ಣು ಮುಚ್ಚಿದರು. ಭಾವ ಬೀದಿ ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಕಾಫಿ ಕುಡಿಯುತ್ತಾ ಸಿಂಗಪುರದ ತೆರಿಗೆ ಪದ್ಧತಿಯ ಬಗ್ಗೆ ನನಗೇ ವಿವರಿಸಿದರು. ಎರಡು ಗಂಟೆ. ಅನಘಾ ಎರಡನೆಯ ದಿನವೇ ಟ್ಯಾಂಪಿನೀಸ್‌ನ ಗೆಳತಿಯ ಮನೆಯಲ್ಲಿ ಪ್ರಾಜೆಕ್ಟ್ ಇದೆ ಎಂದು ನಾಪತ್ತೆಯಾದವಳು ಊಟದ ಹೊತ್ತಿಗೆ ಮಾತ್ರ ಬರುತ್ತಿದ್ದಳು.

ಎಂಟನೆಯ ದಿನ ಬೆಳಗ್ಗೆ ವಾಣಿಯ ವಿಡಿಯೋ ಕಾಲ್ ಬಂತು. ಮೊಣಕೈವರೆಗೂ ಮಣ್ಣು, ಹಣೆಯ ಮೇಲೂ ಮಣ್ಣು. ಕೈಯಲ್ಲೊಂದು ಗಡಿಗೆ, ಒಂದು ಪಕ್ಕಕ್ಕೆ ವಾಲಿತ್ತು.

"ಬಂತು ಕಣ್ರೀ, ಕೊನೆಗೂ ಬಂತು. ಇಲ್ಲಿ ಒಬ್ರು ಅಜ್ಜಿ ನನ್ನ ಬೆರಳು ಹಿಡಿದು ಹೇಳ್ಕೊಟ್ರು. ಒಂದು ಗಡಿಗೆಗೆ ಮೂರು ದಿನ. ಅವರಿಗೆ ಅರ್ಜೆಂಟೇ ಇಲ್ಲ."

ಅವಳು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನನಗೆ ಬಹಳ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು.

"ಒಂದು ವಿಷ್ಯ" ಎಂದಳು. "ಇನ್ನೂ ನಾಲ್ಕು ದಿನ ಇದ್ದು ಬರ್ತೀನಿ. ಇದನ್ನ ಸುಡೋದು ಹೇಗೆ ಅಂತ ನೋಡ್ಬೇಕು. ಟಿಕೆಟ್ ಚೇಂಜ್ ಮಾಡಿದೀನಿ. ಅವರೆಲ್ಲ ಹೇಗೂ ಭಾನುವಾರ ಹೊರಡ್ತಾರಲ್ಲ, ನಿಮಗೂ ರೆಸ್ಟ್ ಸಿಗತ್ತೆ."

ಧಾರಾಳವಾಗಿ ಒಪ್ಪಿದೆ. ಮನೆಯಲ್ಲಿ ಯಾರೂ ಇಲ್ಲದ ಭಾನುವಾರ ಸಂಜೆ, ಸೋಫಾದ ಮೇಲೆ ಉದ್ದಕ್ಕೆ ಮಲಗಿದ ನಾನು. ಕಣ್ಣಿಗೆ ಕಟ್ಟಿದ ಹಾಗಾಯಿತು.

ಬೆನ್ನ ಹಿಂದೆ ವಿಜಯಕ್ಕನ ಧ್ವನಿ ಕೇಳಿಸಿತು. "ನಾಲ್ಕೇ ದಿನ ತಾನೇ? ಇಷ್ಟು ದೂರ ಬಂದು ವಾಣೀನ ನೋಡ್ದೇ ಹೋದ್ರೆ ಚೆನ್ನಾಗಿರತ್ತಾ? ಶ್ರೀಧರ್, ನಮ್ಮ ಟಿಕೆಟ್ಟೂ ಮುಂದಕ್ಕೆ ಹಾಕಿಸಿಬಿಡಿ."

ಭಾವ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು.

ಪರದೆಯಲ್ಲಿ ವಾಣಿ ಗಡಿಗೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆಮೇಲೆ ಆರು ಜನಕ್ಕೆ ದೋಸೆಗೆ ಎಷ್ಟು ಪಾವು ಅಕ್ಕಿ ನೆನೆಹಾಕಬೇಕೆಂದು ಅಕ್ಕನನ್ನು ಕೇಳಿಕೊಂಡು ಅಡುಗೆಮನೆಗೆ ಹೋದೆ.