ಇನ್ನೂರು ದಾಟಬಾರ್ದು, ಆಂ?

ಆ ದಿನದ ಇಡೀ ರಾದ್ಧಾಂತಕ್ಕೆ ಕಾರಣ ಒಂದು 'ಆಂ'. ಅದು ಪೂರ್ತಿ ಮಾತೂ ಅಲ್ಲ, ಮಾತಿನ ಬಾಲ. ಆ ಬಾಲ ಹಿಡಿದುಕೊಂಡೇ ಅಂದಾಜಣ್ಣ ಹಳ್ಳಕ್ಕೆ ಬಿದ್ದ.

ಅಂದಾಜಣ್ಣ ಎಂದು ಅವನನ್ನು ಕರೆದದ್ದು ಕಚೇರಿಯವರು. ಲಿಫ್ಟು ಯಾವಾಗ ಬರುತ್ತದೆ, ಮೀಟಿಂಗಿನಲ್ಲಿ ಯಾರು ಮೊದಲು ಆಕಳಿಸುತ್ತಾರೆ ಎಂಬುದನ್ನೂ ಲೆಕ್ಕ ಹಾಕಿ ಹೇಳುವ ಆಸಾಮಿ. ಅವನ ಕೆಲಸವೂ ಅದೇ. ಕಂಪನಿಯ ಅಂದಾಜು ವಿಭಾಗದಲ್ಲಿ ಇದ್ದದ್ದು ಎರಡೇ ಮೇಜು. ಒಂದರಲ್ಲಿ ಇವನು. ಎದುರಿನ ಮೇಜಿನಲ್ಲಿ, ಹೋದಲ್ಲೆಲ್ಲ ಬೆನ್ನಿಗೆ ಬಿದ್ದ ಶನಿಯಂತೆ, ಇವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ.

ಷಡ್ಡಕನನ್ನು ಕಂಡರೆ ಅಂದಾಜಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಧಗಧಗ ಉರಿಯುತ್ತಿತ್ತು. ಅವನ ತಲೆತುಂಬ ಕೂದಲಿತ್ತು, ಅದಕ್ಕೆ ಉರಿ. ಮಾವನ ಮನೆಗೆ ಇಬ್ಬರೂ ಹೋದರೆ ಕೈಯಿರುವ ಕುರ್ಚಿ ಅವನಿಗೆ, ಮಡಚುವ ಕುರ್ಚಿ ಇವನಿಗೆ, ಅದಕ್ಕೂ ಉರಿ. ಎಲ್ಲಕ್ಕಿಂತ ದೊಡ್ಡ ಉರಿ ಎಂದರೆ, ಆ ಮನುಷ್ಯ ನಿಜವಾಗಿಯೂ ಒಳ್ಳೆಯವನು. ಬೈಯಲು ಒಂದು ಎಳೆಯೂ ಸಿಗುತ್ತಿರಲಿಲ್ಲ.

ಕಂಪನಿ ಆಗ 'ಕೂಗುಮಣಿ' ಎಂಬ ಹೊಸ ಸಾಧನ ತಂದಿತ್ತು. ಕನ್ನಡಕದ ಕಾಲಿಗೆ ಅಂಟಿಸುವ ಪುಟ್ಟ ಮಣಿ. ಕನ್ನಡಕ ಎಲ್ಲೋ ಇಟ್ಟು ಮರೆತರೆ ಚಪ್ಪಾಳೆ ತಟ್ಟಬೇಕು, ಮಣಿ ಕೀಂವ್ ಅನ್ನುತ್ತದೆ. ಮರೆಗುಳಿಗಳಿಗೆಂದೇ ಮಾಡಿದ್ದು. ಕೊಳ್ಳಬೇಕೆಂಬುದನ್ನೇ ಅವರು ಮರೆಯುತ್ತಾರೆ ಎಂಬುದೊಂದೇ ತೊಂದರೆ. ಮುಂಗಡ ಬುಕಿಂಗಿಗೆ ಒಂದು ವಾರ ಕೊಟ್ಟಿದ್ದರು.

ಮೊದಲ ದಿನ ನೂರು ಬುಕಿಂಗ್ ಬಂತು. ಯಜಮಾನರು ಇಬ್ಬರನ್ನೂ ಕರೆದರು. "ಮಾರಾಟದ ಮುಖ್ಯಸ್ಥರ ಕೋಣೆ ಖಾಲಿ ಇದೆ. ನಿಮ್ಮಿಬ್ಬರಲ್ಲಿ ಒಬ್ಬರು ಅಲ್ಲಿಗೆ, ಒಬ್ಬರು ಇದೇ ಮೇಜಿಗೆ. ವಾರದ ಕೊನೆಗೆ ಒಟ್ಟು ಎಷ್ಟು ಬುಕಿಂಗ್ ಆಗತ್ತೆ, ಇಬ್ರೂ ಹೇಳಿ. ಅದನ್ನ ನೋಡಿ ಯಾರು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡ್ತೀನಿ."

"ಇನ್ನೂರು ಸಾರ್," ಎಂದ ಅಂದಾಜಣ್ಣ. "ನಮ್ಮ ಸಾಮಾನು ಯಾವ್ದೇ ಆಗ್ಲಿ, ದಿನಾ ಹಿಂದಿನ ದಿನದ ಅರ್ಧಕ್ಕೆ ಇಳಿಯತ್ತೆ. ನೂರು, ಐವತ್ತು, ಇಪ್ಪತ್ತೈದು, ಹೀಗೆ. ಎಲ್ಲ ಕೂಡಿದ್ರೆ ಮೊದಲ ದಿನದ ಎರಡರಷ್ಟು. ಅದರ ಮೇಲೆ ಹೋಗಲ್ಲ."

"ಮುನ್ನೂರು ಸಾರ್," ಎಂದ ಷಡ್ಡಕ.

"ಯಾವ ಲೆಕ್ಕದಲ್ಲಿ?"

"ಲೆಕ್ಕ ಏನಿಲ್ಲ ಸಾರ್. ಮುನ್ನೂರು ಅಂದ್ರೆ ಬಾಯಿತುಂಬಾ ಕೇಳ್ಸತ್ತೆ."

ಕೊನೆಯ ದಿನ ಬೆಳಿಗ್ಗೆ ಗೋಡೆಯ ಪರದೆಯ ಮೇಲೆ ನೂರ ತೊಂಬತ್ತೇಳು ಇತ್ತು. ಅಂದಾಜಣ್ಣನ ಎದೆ ಹಪ್ಪಳದಂತೆ ಉಬ್ಬಿತು. ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ನಮ್ಮಪ್ಪನಿಗೂ ಒಂದು ಮಣಿ ಬುಕ್ ಮಾಡ್ಲಾ?"

"ಅಯ್ಯಯ್ಯೋ! ಇವತ್ತು ಇನ್ನೂರು ದಾಟಬಾರ್ದು, ಆಂ?" ಎಂದ. ಅವಳ ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ಅವಳು "ಆಯ್ತು, ನಂಗೆ ಬಿಡಿ" ಎಂದು ಫೋನಿಟ್ಟಳು.

ಹನ್ನೊಂದಕ್ಕೆ ಪರದೆ ಇನ್ನೂರ ಹತ್ತು ತೋರಿಸಿತು. ಆಮೇಲೆ ಇನ್ನೂರ ನಲವತ್ತು. ಊಟದ ಹೊತ್ತಿಗೆ ಇನ್ನೂರ ತೊಂಬತ್ತಾರು. ಕಚೇರಿಯವರೆಲ್ಲ ಪರದೆಯ ಮುಂದೆ ನೆರೆದು ಷಡ್ಡಕನ ಬೆನ್ನು ತಟ್ಟತೊಡಗಿದರು. ಷಡ್ಡಕ ಮಾತ್ರ ಲೋಟದಲ್ಲಿ ನೀರು ಹಿಡಿದು ಇವನ ಹತ್ತಿರ ಬಂದ. "ಭಾವ, ಮುಖ ಯಾಕೋ ಬಾಡಿದೆ. ಸ್ವಲ್ಪ ಕುಡೀರಿ." ಆ ನೀರು ಹೊಟ್ಟೆಯ ಬೆಂಕಿಗೆ ಎಣ್ಣೆ ಸುರಿದಂತಾಯಿತು.

ಬುಕಿಂಗ್ ಮಾಡಿದವರು ಯಾರೆಂದು ಕಂಪ್ಯೂಟರಿನಲ್ಲಿ ತೆಗೆದು ನೋಡಿದ. ಬೆಳಗಿನಿಂದ ಬಂದದ್ದೆಲ್ಲ ಒಂದೇ ವಿಳಾಸದಿಂದ. ಅವನದೇ ವಸತಿ ಕಟ್ಟಡ! ಹೆಂಡತಿಗೆ ಫೋನು ಹಚ್ಚಿದ.

"ದಾಟ್ತಾ?" ಎಂದಳು ಅವಳು ಸಂಭ್ರಮದಿಂದ. "ಬಿಲ್ಡಿಂಗಿನ ಗ್ರೂಪಲ್ಲಿ ಹಾಕ್ದೆ, ಮನೆಮನೆಗೂ ಹೋದೆ. ಕನ್ನಡಕ ಇಲ್ದೋರ ಕೈಲೂ ಬುಕ್ ಮಾಡಿಸ್ದೆ!"

"ದಾಟಬಾರ್ದು ಅಂದಿದ್ನಲ್ಲೇ!"

"ನೀವು 'ಇನ್ನೂರು ದಾಟಬಾರ್ದಾ' ಅಂದ್ರಿ! ಪಾಪ, ಎಷ್ಟು ಆಸೆಯಿಂದ ಕೇಳ್ತಿದಾರೆ ಅನ್ಕೊಂಡೆ."

ಬಾಲ ಹೋಗಿ ಬುಡಕ್ಕೆ ಅಂಟಿಕೊಂಡಿತ್ತು. ಎಚ್ಚರಿಕೆ ಹಂಬಲವಾಗಿ ಹೋಗಿತ್ತು. ಅಂದಾಜಣ್ಣ ಹೊಟ್ಟೆನೋವೆಂದು ಅರ್ಧ ದಿನದ ರಜೆ ಕೇಳಿದ. "ನೋವೋ, ಕಿಚ್ಚೋ?" ಎಂದು ಉಗ್ರಾಣದವನು ಕಿಸಕ್ಕನೆ ನಕ್ಕ.

ಬುಕಿಂಗೆಲ್ಲ ರದ್ದು ಮಾಡಿಸೋಣ ಎಂದು ಮನೆಗೆ ಬಂದವನಿಗೆ ಹೆಂಡತಿ ಬಾಗಿಲಲ್ಲೇ ಸೆಡ್ಡು ಹೊಡೆದಳು. "ಬುಕ್ ಮಾಡಿ ಅಂತ ಕೈಮುಗಿದಿದೀನಿ. ಈಗ ಬೇಡ ಅನ್ನೋಕೆ ನಂಗೇನು ಮಾನ ಮರ್ಯಾದೆ ಇಲ್ವಾ?"

"ಇದು ಹೀಗೇ ಇದ್ರೆ ಮುಖ್ಯಸ್ಥನ ಕುರ್ಚಿ ನಿನ್ನ ತಂಗಿ ಗಂಡನಿಗೆ."

ಅವಳ ಮುಖದ ಬಣ್ಣವೇ ಬದಲಾಯಿತು. "ಅವಳು ಹೊಸ ಸೋಫಾ ತಂದಾಗ್ಲೇ ಮೂರು ದಿನ ಫೋನಲ್ಲಿ ಅದನ್ನೇ ಕೊರೆದಿದ್ಳು. ಇನ್ನು ಇದು ಬೇರೆನಾ? ನಡೀರಿ!" ಸೆರಗು ಸಿಕ್ಕಿಸಿಕೊಂಡು ಗಂಡನಿಗಿಂತ ಮುಂದೆ ಅವಳೇ ಮೆಟ್ಟಿಲು ಹತ್ತಿದಳು.

ಒಂದೊಂದು ಮನೆಯಲ್ಲಿ ಒಂದೊಂದು ಸುಳ್ಳು. ಸಂಗೀತದ ಮೇಡಂಗೆ, ಮಣಿ ಅಪಸ್ವರದಲ್ಲಿ ಕೂಗುತ್ತದೆ ಎಂದರು. ನಾಯಿ ಸಾಕಿದವರಿಗೆ, ಅದರ ಸದ್ದಿಗೆ ನಾಯಿ ಮಂಕಾಗುತ್ತದೆ ಎಂದರು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ಜಗ್ಗಲಿಲ್ಲ.

"ಬೆಳಿಗ್ಗೆ ನಿಮ್ಮಾಕೆ ತಗೊಳ್ಳಿ ಅಂದ್ರು. ಈಗ ನೀವು ಬೇಡ ಅಂತೀರಿ. ಮೊದಲು ಗಂಡ ಹೆಂಡ್ತಿ ಕೂತು ಒಂದು ಮಾತಿಗೆ ಬನ್ನಿ."

"ಮೇಷ್ಟ್ರೇ, ನೀವು ಕನ್ನಡಕ ಕಳ್ಕೊಳ್ಳೋದೇ ಇಲ್ವಲ್ಲ!"

"ಅದಕ್ಕೇ ತಗೊಂಡಿದೀನಿ. ಹಾಳಾಗದೆ ಇರತ್ತೆ."

ಅವರನ್ನು ಒಪ್ಪಿಸಲು ಅಂದಾಜಣ್ಣ ಅವರ ಮೊಮ್ಮಗಳಿಗೆ ವರ್ಷವಿಡೀ ಗಣಿತ ಹೇಳಿಕೊಡುವ ಮಾತು ಕೊಟ್ಟ.

ಬೆವರಿಳಿಸಿಕೊಂಡು ಅವನು ಕಚೇರಿಗೆ ಮರಳಿದಾಗ ಐದಾಗಲು ಇನ್ನೇನು ಸ್ವಲ್ಪವೇ ಉಳಿದಿತ್ತು. ಪರದೆಯಲ್ಲಿ ನೂರ ತೊಂಬತ್ತೊಂಬತ್ತು. ರದ್ದು ಮಾಡಿಸುವ ಹೆಂಡತಿಯ ಉತ್ಸಾಹ ಒಂದು ಮನೆಯಷ್ಟು ಹೆಚ್ಚೇ ಓಡಿತ್ತು. ಒಂದು ಕಡಿಮೆಯಾದರೂ ಗೆಲುವು ಅವನದೇ. ಆದರೆ ಷಡ್ಡಕನ ಮುಂದೆ ಗೆದ್ದರೆ ಸಾಲದು, ಕರಾರುವಾಕ್ಕಾಗಿ ಗೆಲ್ಲಬೇಕು. ಕನ್ನಡಕವೇ ಇಲ್ಲದ ಅಂದಾಜಣ್ಣ ತನ್ನ ಹೆಸರಿಗೇ ಒಂದು ಮಣಿ ಬುಕ್ ಮಾಡಿದ. ಗಂಟೆ ಹೊಡೆಯಿತು. ಪರದೆಯ ಮೇಲೆ ಇನ್ನೂರು ನಿಂತಿತು.

ಯಜಮಾನರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಅದ್ಭುತ! ಮಧ್ಯಾಹ್ನ ಮುನ್ನೂರರ ಹತ್ರ ಹೋದದ್ದು ತಿರುಗಿ ನೀವು ಹೇಳಿದ ಕಡೆಗೇ ಬಂದು ಕೂತ್ಕೊಳ್ತು! ಇದು ಲೆಕ್ಕ ಅಲ್ಲರೀ, ಸಿದ್ಧಿ!"

ಅಂದಾಜಣ್ಣ ಓರೆಗಣ್ಣಲ್ಲಿ ಷಡ್ಡಕನನ್ನು ನೋಡಿದ. ಎಷ್ಟೋ ವರ್ಷದ ಉರಿ ಆ ಒಂದು ನೋಟದಲ್ಲಿ ತಣ್ಣಗಾಯಿತು.

"ಇಂಥೋರನ್ನ ಆ ಮೇಜಿಂದ ಎಬ್ಬಿಸಿದ್ರೆ ಕಂಪನಿ ಉಳಿಯತ್ತಾ?" ಎಂದರು ಯಜಮಾನರು. "ನೀವು ನಿವೃತ್ತಿ ಆಗೋ ತನಕ ಅಲ್ಲೇ ಕೂತಿರ್ಬೇಕು. ನಿಮ್ಮ ಷಡ್ಡಕರದ್ದು ನೂರು ತಪ್ಪಿತು. ಅವ್ರನ್ನ ಅಂದಾಜಲ್ಲಿ ಇಟ್ಕೊಂಡ್ರೆ ನಾವು ಮುಳುಗಿದ ಹಾಗೇ. ಅದಕ್ಕೇ ಅವ್ರನ್ನ ಮುಖ್ಯಸ್ಥರ ಕೋಣೆಗೆ ಹಾಕ್ತಿದೀನಿ."

ಅಂದಾಜಣ್ಣ ಯಜಮಾನರ ಕೈ ಬಿಡಲಿಲ್ಲ. "ಸಾರ್... ಮಧ್ಯಾಹ್ನದ ಹಾಗೇ ಮುನ್ನೂರಕ್ಕೆ ನಿಂತಿದ್ದಿದ್ರೆ?"

"ಆಗ ಲೆಕ್ಕ ತಪ್ಪಿದೋರು ನೀವಾಗ್ತಿದ್ರಿ. ಇನ್ನೇನು ಮಾಡೋದು, ವಿಧಿಯಿಲ್ದೆ ನಿಮ್ಮನ್ನೇ ಆ ಕೋಣೆಗೆ ಕಳಿಸ್ತಿದ್ದೆ."

ಷಡ್ಡಕ ಓಡಿಬಂದು ಅವನನ್ನು ತಬ್ಬಿಕೊಂಡ. "ಭಾವ, ನೀವು ಇಲ್ಲೇ ಇದೀರಿ ಅನ್ನೋದೇ ನಂಗೆ ಧೈರ್ಯ!"

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. "ಏನ್ರೀ, ಸರಿಯಾಗಿ ಇನ್ನೂರಕ್ಕೆ ನಿಲ್ತಾ?" ಎಂದಳು ಹೆಂಡತಿ ಏದುಸಿರು ಬಿಡುತ್ತ. "ಮಧ್ಯಾಹ್ನ ನಾನು ಹಾಗೆ ಮಹಡಿ ಮಹಡಿ ಓಡಾಡಿ ಕ್ಯಾನ್ಸಲ್ ಮಾಡಿಸ್ದೆ ಇದ್ದಿದ್ರೆ, ನೀವು ಈಗ ಏನಾಗಿರ್ತಿದ್ರಿ ಹೇಳಿ ನೋಡೋಣ?"

"ಮುಖ್ಯಸ್ಥ," ಎಂದ ಅಂದಾಜಣ್ಣ.