ಲ್ಯಾಮಿನೇಷನ್ ಆದ ಬಿಲ್ಲುಗಳು

ಕಾಗದಪತ್ರದ ವಿಷಯದಲ್ಲಿ ನನಗೆ ಜಂಬ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮನುಷ್ಯನ ಯೋಗ್ಯತೆ ಅವನ ಫೈಲು ನೋಡಿದರೆ ತಿಳಿಯುತ್ತದೆ ಎಂದು ನಂಬಿದವನು ನಾನು. ರೇಷನ್ ಕಾರ್ಡಿನಿಂದ ಹಿಡಿದು ಮಿಕ್ಸಿಯ ವಾರಂಟಿಯವರೆಗೆ ನಮ್ಮ ಮನೆಯಲ್ಲಿ ಲ್ಯಾಮಿನೇಷನ್ ಆಗದ ಕಾಗದವಿಲ್ಲ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಯಾರು ಅರ್ಜಿ ತುಂಬಬೇಕಾದರೂ ನನ್ನನ್ನೇ ಕೇಳುತ್ತಾರೆ. ಕೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ.

ಹೋದ ವರ್ಷ ನನ್ನ ಹೆಂಡತಿ ಸರೋಜಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆ ಆಸ್ಪತ್ರೆಯಲ್ಲಿ ನಮ್ಮ ವಿಮೆಗೆ ಕ್ಯಾಶ್‌ಲೆಸ್ ಇರಲಿಲ್ಲ. ಮೊದಲು ನಾವು ಕಟ್ಟಿ, ಆಮೇಲೆ ಬಿಲ್ಲು ಕೊಟ್ಟು ಹಣ ವಾಪಸ್ ಪಡೆಯಬೇಕು. ಕಟ್ಟಲು ಅವಳ ಬಳೆಗಳನ್ನೇ ಅಡವಿಟ್ಟೆ. "ತಂಗಿ ಮಗಳ ಮದುವೆ ಹೊತ್ತಿಗೆ ಬಳೆ ನನ್ನ ಕೈಲಿರ್ಬೇಕು, ಅಷ್ಟೇ" ಎಂದಳು. ಫೈಲು ನನ್ನ ಕೈಯಲ್ಲಿರುವಾಗ ಭಯವೇಕೆ? ಡಿಸ್ಚಾರ್ಜ್ ಸಮ್ಮರಿ, ಔಷಧಿ ಚೀಟಿ, ಬಿಲ್ಲು, ಒಂದೊಂದನ್ನೂ ಮಹಾಲಕ್ಷ್ಮಿ ಲೇಔಟಿನ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. ಆ ಅಂಗಡಿಯ ರಸೀದಿಯನ್ನೂ ಕ್ಲೇಮಿನ ಪಟ್ಟಿಗೆ ಸೇರಿಸಿದೆ. ಅದೂ ಕಾಯಿಲೆಯ ಖರ್ಚೇ ತಾನೇ?

ರಾಜಾಜಿನಗರದ ವಿಮಾ ಕಚೇರಿಯಲ್ಲಿ ಫೈಲನ್ನು ಮೇಜಿನ ಮೇಲಿಟ್ಟಾಗ ಎಲ್ಲರೂ ಎದ್ದು ನಿಲ್ಲುತ್ತಾರೆಂದುಕೊಂಡಿದ್ದೆ. ಅಲ್ಲಿದ್ದ ಹುಡುಗಿ ಮೊದಲ ಬಿಲ್ಲಿನ ಮೇಲೆ ಸೀಲು ಒತ್ತಿದಳು. ಸೀಲು ಜಾರಿತು. ಇನ್ನೊಮ್ಮೆ ಒತ್ತಿದಳು, ಮಸಿ ಅವಳ ಬೆರಳಿಗೆ ಹತ್ತಿತು, ಬಿಲ್ಲಿಗೆ ಹತ್ತಲಿಲ್ಲ. "ಸಾರ್, ಒರಿಜಿನಲ್ ಮೇಲೆ ನಮ್ಮ ಸೀಲ್ ಬೀಳ್ಲೇಬೇಕು. ಇಲ್ದಿದ್ರೆ ಅದೇ ಬಿಲ್ ಇಟ್ಕೊಂಡು ಇನ್ನೊಂದ್ ಕಡೆನೂ ಕ್ಲೇಮ್ ಮಾಡ್ತಾರೆ" ಎಂದಳು. ಆಸ್ಪತ್ರೆಯವರ ಸಹಿ ಇರುವ ನಕಲು ತರಬೇಕಂತೆ, ಅದಕ್ಕೆ ಇನ್ನು ಮೂರೇ ದಿನ ಗಡುವಂತೆ.

ಮನೆಗೆ ಬಂದು ಬ್ಲೇಡು ಹಿಡಿದು ಪ್ಲಾಸ್ಟಿಕ್ ಬಿಡಿಸಲು ಕೂತೆ. ಪ್ಲಾಸ್ಟಿಕ್ಕಿನ ಜೊತೆ ಅಕ್ಷರಗಳೂ ಎದ್ದು ಬಂದವು. ಸರೋಜ ನೋಡಿದಳು, ನನ್ನ ಕೈಯಿಂದ ಬ್ಲೇಡು ತೆಗೆದು ಪಕ್ಕಕ್ಕಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರುದಿನ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಆಟೋ ಹತ್ತಿ ತಾನೇ ಆಸ್ಪತ್ರೆಗೆ ಹೊರಟಳು. ಬಿಲ್ಲಿಂಗ್ ಕೌಂಟರಿನ ಹೆಂಗಸು ಗದಗ ಕಡೆಯವರು. ವಾರ್ಡಿನಲ್ಲಿದ್ದಾಗಲೇ ಶೇಂಗಾ ಚಟ್ನಿಪುಡಿಯ ಮಾತು ಬಂದು ಇಬ್ಬರಿಗೂ ಸ್ನೇಹವಾಗಿತ್ತಂತೆ. ಸಂಜೆಯೊಳಗೆ ಎಲ್ಲ ನಕಲೂ ಸಹಿಯಾಗಿ ಬಂದವು.

ಕ್ಲೇಮು ಮಂಜೂರಾಯಿತು. ಕೈಗವಸು, ಹತ್ತಿ ಇವಕ್ಕೆ ಹಣ ಕೊಡುವುದಿಲ್ಲವೆಂದು ಪತ್ರದಲ್ಲಿ ಬರೆದಿದ್ದರು. ಪಟ್ಟಿಯ ಕೊನೆಯಲ್ಲಿ ಲ್ಯಾಮಿನೇಷನ್ನೂ ಇತ್ತು. ಮದುವೆ ಮನೆಯಲ್ಲಿ ಸರೋಜ ಬಳೆಯ ಕೈ ಆಡಿಸುತ್ತಾ, "ಎಲ್ಲಾ ಇವ್ರೇ ಓಡಾಡಿ ಮಾಡ್ಸಿದ್ದು" ಎಂದಾಗ ನನ್ನ ಎದೆ ಉಬ್ಬಿತು. ಅವಳಂಥ ಹೆಂಡತಿ ಯಾರಿಗಿದ್ದಾಳೆ ಹೇಳಿ. ಆದರೆ ಆ ಮಂಜೂರಾತಿ ಪತ್ರವನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಬೀಗದ ಕೈ ಎಲ್ಲಿದೆಯೆಂದು ಎಷ್ಟು ಕೇಳಿದರೂ ಹೇಳುತ್ತಿಲ್ಲ.