ಅಂಗೈ ಗುಮಾಸ್ತ ಮತ್ತು ಔರಾದ ಬಸ್ಸು

ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದು, ಒಂದು ಕಡತವನ್ನೂ ಕಳೆಯದೆ ನಿವೃತ್ತನಾದವನು ನಾನು. ಹೀಗಾಗಿ ಹೆಂಡತಿಯ ಮರೆವನ್ನು ಸರಿಪಡಿಸುವುದು ನನಗೆ ದೊಡ್ಡ ಕೆಲಸವಾಗಿ ಕಾಣಲಿಲ್ಲ. ಮರೆವೆಂದರೆ ಏನು? ಸರಿಯಾದ ಕಾಗದ ಸರಿಯಾದ ಹೊತ್ತಿಗೆ ಮೇಜಿನ ಮೇಲೆ ಬರದೇ ಇರುವುದು. ಅದಕ್ಕೆ ಬೇಕಾದದ್ದು ವ್ಯವಸ್ಥೆ. ವ್ಯವಸ್ಥೆಯಲ್ಲಿ ನನ್ನನ್ನು ಮೀರಿಸುವವರು ಬೀದರಿನ ನಮ್ಮ ಇಡೀ ಮೈಲೂರು ಬಡಾವಣೆಯಲ್ಲಿ ಇರಲಿಲ್ಲ. ಇದು ನನ್ನದೇ ಅಭಿಪ್ರಾಯ.

ನನ್ನ ಹೆಂಡತಿ ಸುಜಾತಾ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಹಳೆಯ ವಿದ್ಯಾರ್ಥಿ ದಾರಿಯಲ್ಲಿ ಸಿಕ್ಕರೆ ಅವನ ಹೆಸರು, ಅವನಪ್ಪನ ಹೆಸರು, ಅವನು ಯಾವ ಅಕ್ಷರ ತಿರುವಿ ಬರೆಯುತ್ತಿದ್ದ ಎಂಬುದನ್ನೂ ಹೇಳುತ್ತಿದ್ದಳು. ಹೋದ ವರ್ಷದಿಂದ ಒಂದೇ ಮಾತನ್ನು ಎರಡು ಸಲ ಕೇಳತೊಡಗಿದಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮರುದಿನ ಉಪ್ಪೇ ಬೀಳಲಿಲ್ಲ. ನಿನ್ನೆಯದಕ್ಕೂ ಇವತ್ತಿನದಕ್ಕೂ ಸರಿಹೋಯಿತು ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಸೌಟನ್ನೇ ನೋಡುತ್ತ, “ನನಗ ಏನೋ ಆಗ್ಲಕತ್ತದರಿ” ಅಂದಳು.

ಡಾಕ್ಟರು ಪರೀಕ್ಷೆ ಮಾಡಿ, ಇದು ಮರೆವಿನ ಕಾಯಿಲೆಯ ಶುರು, ಗುಳಿಗೆ ತಪ್ಪಿಸಬೇಡಿ, ಮುಖ್ಯವಾದದ್ದನ್ನೆಲ್ಲ ಬರೆದಿಡಿ ಎಂದರು. ಬರೆದಿಡಿ ಎಂಬ ಮಾತೊಂದೇ ನನ್ನ ಕಿವಿಗೆ ಬಿತ್ತು. ಅದು ನಮ್ಮ ಇಲಾಖೆಯ ಮಾತು!

ಹುಡುಕಿ ಹುಡುಕಿ ಒಂದು ಹೊಸ ಆರ್ಗನೈಸರ್ ತರಿಸಿದೆ. ಅಂಗೈಯಷ್ಟು ಸಾಧನ, ಕಪ್ಪು ಬಿಳುಪು ಪರದೆ, ಐದೇ ಗುಂಡಿ. ಮಾಡಬೇಕಾದ ಕೆಲಸವನ್ನೂ ಸಮಯವನ್ನೂ ತುಂಬಿಟ್ಟರೆ ಆ ಹೊತ್ತಿಗೆ ಕೂಗಿ ಪರದೆಯ ಮೇಲೆ ತೋರಿಸುತ್ತದೆ. ಅದಕ್ಕೆ ಅಂಗೈ ಗುಮಾಸ್ತ ಎಂದು ನಾಮಕರಣ ಮಾಡಿ, ದಾರ ಕಟ್ಟಿ ಸುಜಾತಾಳ ಕೊರಳಿಗೆ ಹಾಕಿದೆ. ಮೊಬೈಲಿನಲ್ಲಿ ಬಹಳ ಗೊಂದಲ, ಇನ್ನು ಅದು ನಿನಗೆ ಬೇಡ ಎಂದು ಅವಳ ಮೊಬೈಲನ್ನು ತೆಗೆದು ಕಪಾಟಿನಲ್ಲಿಟ್ಟೆ. ಈ ಆದೇಶವೂ ನನ್ನದೇ.

ಗುಮಾಸ್ತನಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಮಾತುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದೆ. ಗುಳಿಗೆ ತಗೋ ಎಂದು ಬರೆದದ್ದನ್ನು ಸುಜಾತಾ ಓದಿ, “ಗೂಳಿಗೆ ತಾಗೋ ಅಂತ ಬರ್ದೀರಿ. ಗೂಳಿ ಎಲ್ಲದರಿ?” ಎಂದು ಕೇಳಿದಳು. ಮರೆವಿನವಳೆಂದು ಡಾಕ್ಟರು ಬರೆದುಕೊಟ್ಟವಳು ನನ್ನ ಕಾಗುಣಿತ ತಿದ್ದುತ್ತಿದ್ದಳು. ನಾನು ಅದನ್ನು ಗಮನಿಸಬೇಕಿತ್ತು.

ಮೊದಲ ಪೆಟ್ಟು ಬಿದ್ದದ್ದು ಬುದ್ಧ ವಿಹಾರದಲ್ಲಿ. ಹಾಲು ಉಕ್ಕಿ ಹೋಗಬಾರದೆಂದು ದಿನಾ ಬೆಳಿಗ್ಗೆ ಏಳೂವರೆಗೆ ಹಾಲು ಇಳಿಸು ಎಂದು ತುಂಬಿಟ್ಟಿದ್ದೆ. ಅಂದು ಹುಣ್ಣಿಮೆ, ಏಳೂವರೆಗೆ ನಾವು ಧ್ಯಾನಕ್ಕೆಂದು ವಿಹಾರದಲ್ಲಿದ್ದೆವು. ಎಲ್ಲರೂ ಕಣ್ಣು ಮುಚ್ಚಿ ಉಸಿರಾಟ ಗಮನಿಸುತ್ತಿದ್ದಾಗ ಗುಮಾಸ್ತ ಕೂಗಿದ. ಸುಜಾತಾ ಪರದೆ ನೋಡಿ, ಗಾಬರಿಯಾಗಿ ಎದ್ದು, ಕೂತವರ ನಡುವೆ ದಾರಿ ಮಾಡಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದಳು. ನಾನು ಹಿಂದೆ ಓಡಿದೆ. ಮನೆಯಲ್ಲಿ ಒಲೆ ತಣ್ಣಗಿತ್ತು. ಹಾಲಿನವನು ಇನ್ನೂ ಬಂದೇ ಇರಲಿಲ್ಲ. ಅವಳು ಖಾಲಿ ಒಲೆಯ ಮುಂದೆ ನಿಂತು ಹಾಲಿನ ಪಾತ್ರೆ ಹುಡುಕುತ್ತಿದ್ದಳು, ಪಾದಕ್ಕೆ ಕಲ್ಲು ಚುಚ್ಚಿ ರಕ್ತ ಬಂದಿತ್ತು. ನಾನು ಅರಿಶಿನ ಹಚ್ಚುತ್ತ, ಸಾಧನದ್ದೇನೂ ತಪ್ಪಿಲ್ಲ, ಸಮಯದಲ್ಲಿ ಅಲ್ಪ ತಿದ್ದುಪಡಿ ಬೇಕಷ್ಟೇ ಎಂದು ಸಮಜಾಯಿಷಿ ಕೊಟ್ಟೆ.

ಇಷ್ಟಾದರೂ ಓಣಿಯಲ್ಲಿ ನನ್ನ ಪ್ರಚಾರ ನಿಲ್ಲಲಿಲ್ಲ. ಇಂಥದ್ದು ಕೊಳ್ಳಲು ಯೋಗ್ಯವೇ ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ತಗೊಳ್ಳಿ ಎನ್ನುತ್ತಿದ್ದೆ. ಸುಜಾತಾಳಿಗೂ ದಿನಾ ಒಂದು ಪಾಠ ಹೇಳುತ್ತಿದ್ದೆ. ನಿನ್ನ ತಲೆ ಒಂದು ಹೇಳಿ ಗುಮಾಸ್ತ ಇನ್ನೊಂದು ಹೇಳಿದರೆ ಗುಮಾಸ್ತನ ಮಾತು ಕೇಳು, ತಲೆಯನ್ನು ನಂಬಬೇಡ. ಅವಳು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತಿದ್ದಳು.

ಅವಳ ತಮ್ಮ ಮಿಲಿಂದ ಭಾಲ್ಕಿಯಲ್ಲಿದ್ದಾನೆ. ಅವನ ಮಗಳ ಮದುವೆ ನಿಶ್ಚಯ ಒಂದು ಭಾನುವಾರ ಗೊತ್ತಾಯಿತು. ಸಾಮಾನು ಸಾಗಿಸುವ ಜೀಪಿನಲ್ಲಿ ನಾನು ನಸುಕಿನಲ್ಲೇ ಹೋಗಬೇಕು, ಸುಜಾತಾ ನಿಧಾನವಾಗಿ ತಯಾರಾಗಿ ಬಸ್ಸಿಗೆ ಬರಬೇಕು ಎಂದು ನಾನೇ ಕಾರ್ಯಕ್ರಮ ಹಾಕಿದೆ. ಒಬ್ಬಳನ್ನೇ ಬಸ್ಸಿಗೆ ಬಿಡುವುದು ಬೇಡ, ನಾನೇ ಬಂದು ಕರೆದೊಯ್ಯುತ್ತೇನೆ ಎಂದು ಮಿಲಿಂದ ಎರಡು ಸಲ ಫೋನು ಮಾಡಿ ಹೇಳಿದ. ನಾನು ಒಪ್ಪಲಿಲ್ಲ. ಅದು ಗುಮಾಸ್ತನ ಪರೀಕ್ಷೆಯಾಗಿತ್ತು. ಓಣಿಯ ಆಟೋದವನಿಗೆ ಸುಜಾತಾ ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಡು ಎಂದು ಹೇಳಿ ಜೀಪು ಹತ್ತಿದೆ.

ಭಾಲ್ಕಿಯಲ್ಲಿ ಹನ್ನೊಂದು ಹೊಡೆಯಿತು, ಹನ್ನೆರಡಾಯಿತು. ಗಂಡಿನ ಕಡೆಯವರು ಬಂದು ಕೂತರು. ಸುಜಾತಾ ಬರಲಿಲ್ಲ. ಬೀದರಿನಿಂದ ಬಂದ ಬಸ್ಸುಗಳನ್ನೆಲ್ಲ ಮಿಲಿಂದ ಹೋಗಿ ನೋಡಿ ಬಂದ. ಆಟೋದವನಿಗೆ ಫೋನು ಮಾಡಿದರೆ, ಆಗಲೇ ಬಿಟ್ಟು ಬಂದಿರುವುದಾಗಿ ಹೇಳಿದ. ಅವಳ ಮೊಬೈಲಿಗೆ ಮಾಡಿ ನೋಡು ಎಂದು ಯಾರೋ ಸಲಹೆ ಕೊಟ್ಟರು. ಅದು ಕಪಾಟಿನಲ್ಲಿದೆ ಎಂದು ನಾನು ಹೇಳಿದಾಗ ಮಿಲಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಆಮೇಲೆ ಅವನು ಕೇಳಿದ: “ಮಾಮಾ, ಆ ಡಬ್ಬಿದಾಗ ನೀವು ಇವತ್ತಿಂದು ಏನ್ ಬರ್ದಿದ್ರಿ?”

ಭಾಲ್ಕಿ ಬಸ್ಸು ಎಂದು ಬರೆದಿದ್ದೆ. ಬರೆದು, ಉಳಿಸುವ ಗುಂಡಿ ಒತ್ತಿದೆನೋ, ಹಿಂದೆ ಹೋಗುವ ಗುಂಡಿ ಒತ್ತಿದೆನೋ? ಎರಡೂ ಪಕ್ಕಪಕ್ಕದಲ್ಲೇ ಇದ್ದವು. ಆಗ ಇನ್ನೊಂದು ಸಂಗತಿ ತಲೆಗೆ ಬಂತು. ಹೋದ ಭಾನುವಾರವಷ್ಟೇ ತೀರಿಹೋದ ಬಂಧುವೊಬ್ಬರ ಪುಣ್ಯಾನುಮೋದನೆಗೆಂದು ನಾವಿಬ್ಬರೂ ಔರಾದಿಗೆ ಹೋಗಿದ್ದೆವು. ಔರಾದ ಬಸ್ಸು, ಒಂಬತ್ತೂವರೆ ಎಂದು ಆಗ ತುಂಬಿದ್ದೆ. ಒಮ್ಮೆಯೋ, ವಾರಕ್ಕೊಮ್ಮೆಯೋ ಎಂದು ಗುಮಾಸ್ತ ಕೇಳಿದ್ದ. ಶಿಸ್ತು ಇರಲಿ ಎಂದು ನಾನು ವಾರಕ್ಕೊಮ್ಮೆ ಎಂದು ಒತ್ತಿದ್ದೆ!

ಮಿಲಿಂದ ಮಗಳ ನಿಶ್ಚಯವನ್ನು ತನ್ನ ಅಣ್ಣನ ಕೈಗೆ ಒಪ್ಪಿಸಿ ಔರಾದಿಗೆ ಕಾರು ತೆಗೆದ. ದಾರಿಯುದ್ದಕ್ಕೂ ಎದುರು ಬಂದ ಪ್ರತಿ ಬಸ್ಸಿನ ಕಿಟಕಿಗಳಲ್ಲಿ ನಾನು ಅವಳ ಮುಖ ಹುಡುಕಿದೆ. ಯಾವ ಸೀರೆ ಉಟ್ಟು ಹೊರಟಳೆಂಬುದೇ ನನಗೆ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು.

ಔರಾದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಮುದುಕಿಯೊಬ್ಬಳ ಪಕ್ಕದಲ್ಲಿ ಸುಜಾತಾ ಕೂತಿದ್ದಳು. ಹಸಿರು ರೇಷ್ಮೆ ಸೀರೆ. ತಲೆಯಲ್ಲಿ ಬಾಡಿದ ಮಲ್ಲಿಗೆ. ಎರಡೂ ಕೈಯಲ್ಲಿ ಗುಮಾಸ್ತನನ್ನು ಹಿಡಿದುಕೊಂಡಿದ್ದಳು. ಮುದುಕಿ ಅವಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಿದ್ದಳಂತೆ. ಅವರು ಸಾಧನದಲ್ಲಿ ನನ್ನ ನಂಬರು ಹುಡುಕಿ ಫೋನು ಮಾಡಲು ನೋಡಿದ್ದರಂತೆ. ಹತ್ತು ಅಂಕಿಯ ನಂಬರನ್ನು ನಾನು ಒಂಬತ್ತರಲ್ಲೇ ಮುಗಿಸಿದ್ದೆ.

“ಎಲ್ಲಿಗಿ ಹೋಗಬೇಕವ್ವಾ ಅಂತ ಕೇಳ್ದೆ,” ಅಂದಳು ಮುದುಕಿ. “ಎಲ್ಲಿಗೀ ಇಲ್ಲ, ಅವರು ಬರ್ತಾರ ಅಂದ್ಳು. ಅವರಿಗಿ ತಿಳಿಲಾಕ ತಡಾ ಆಗ್ತದ, ಆದ್ರ ಬರ್ತಾರ ಅಂದ್ಳು.”

ನಾನು ಸುಜಾತಾಳ ಎದುರು ನೆಲದ ಮೇಲೇ ಕೂತೆ. ಬೈಯಲಿ ಎಂದು ಕಾದೆ. ಅವಳು ಮೆಲ್ಲಗೆ ಹೇಳಿದಳು: “ನಾ ಭಾಲ್ಕಿ ಬಸ್ಸಿನಾಗ ಕುಂತಿದ್ದೆರಿ. ಖಿಡಕಿ ಬಾಜು. ಇದು ಒದರ್ತು. ಔರಾದ ಅಂತು. ನನಗ ಭಾಲ್ಕಿ ಅಂತ ಛಂದ ನೆನಪಿತ್ತು. ಆದ್ರ ನನ್ನ ತಲಿ ನಂಬಬ್ಯಾಡ ಅಂತ ನೀವೇ ಹೇಳಿದ್ರಲ್ಲ. ಇಳದು ಔರಾದ ಬಸ್ಸು ಹತ್ತಿದೆ.”

ಮಿಲಿಂದ ಆ ಕಡೆ ತಿರುಗಿ ನಿಂತ. ಮುದುಕಿ ಒಂದು ಹಿಡಿ ಶೇಂಗಾ ನನ್ನ ಕೈಗೆ ಸುರಿದಳು, ಹಣ ತೆಗೆದುಕೊಳ್ಳಲಿಲ್ಲ.

ನಾವು ಭಾಲ್ಕಿ ಮುಟ್ಟುವಷ್ಟರಲ್ಲಿ ನಿಶ್ಚಯ ಮುಗಿದು, ಊಟವೂ ಮುಗಿದು, ಕುರ್ಚಿಗಳನ್ನು ಮಡಚಿ ಇಡುತ್ತಿದ್ದರು. ಹುಡುಗಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಸುಜಾತಾ ಅವಳನ್ನು ಹೆಸರು ತಪ್ಪದೆ ಕರೆದಳು.

ಮನೆಗೆ ಬಂದ ಮೇಲೆ ಗುಮಾಸ್ತನನ್ನು ಬಂದ್ ಮಾಡಿ ಟ್ರಂಕಿನ ತಳಕ್ಕೆ ಹಾಕಿದೆ. ಈಗ ಯಾರಾದರೂ ಕೊಳ್ಳಬಹುದೇ ಎಂದು ಕೇಳಿದರೆ ಸಾಧನ ಒಳ್ಳೆಯದೇ, ನಾವು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತದೆ, ಅದೇ ಭಯ ಎನ್ನುತ್ತೇನೆ. ಆ ರಾತ್ರಿಯಿಂದಲೇ ಅವಳ ಬೈಗುಳಕ್ಕೆ ಕಾಯುತ್ತ ಕೂತೆ. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಒಂದು ತಪ್ಪೂ ಅವಳಿಂದ ಮಾಫ್ ಆಗಿರಲಿಲ್ಲ. ಮೊದಲ ದಿನ ದಣಿದಿದ್ದಾಳೆ ಅಂದುಕೊಂಡೆ. ಎರಡನೆಯ ದಿನ ನನ್ನ ಲಿಖಿತ ವಿವರಣೆಯನ್ನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡೆ. ಮೂರನೆಯ ದಿನ ಚಹಾ ಕುಡಿಯುತ್ತ, ಮಿಲಿಂದನ ಮಗಳ ನಿಶ್ಚಯ ಯಾವಾಗ ಇಟ್ಟುಕೊಂಡಿದ್ದಾರೆ ಎಂದು ಕೇಳಿದಳು.

ಔರಾದಿನ ಆ ದಿನವೇ ಅವಳ ತಲೆಯಿಂದ ಹೋಗಿಬಿಟ್ಟಿತ್ತು. ನನ್ನ ಜೀವಮಾನದ ಅತಿ ದೊಡ್ಡ ತಪ್ಪು ವಿಚಾರಣೆಯೇ ಇಲ್ಲದೆ ಖುಲಾಸೆಯಾಯಿತು. ಒಂದು ಗುಟುಕು ಚಹಾ ಇಳಿಯುವವರೆಗೆ ನೆಮ್ಮದಿಯಾಯಿತು, ಎರಡನೆಯ ಗುಟುಕಿಗೆ ಅದೂ ಹೋಯಿತು. ಬೈಸಿಕೊಳ್ಳಲು ಏನು ಬೇಕಾದರೂ ಕೊಡಲು ಸಿದ್ಧನಿದ್ದೆ.

ಕೊನೆಗೆ ಕತೆಯಾಗಿ ಹೇಳಿದೆ. ಒಬ್ಬ ಮನುಷ್ಯ ಇದ್ದ, ಭಾಲ್ಕಿಗೆ ಹೊರಟ ಹೆಂಡತಿಯನ್ನು ಔರಾದಿಗೆ ಕಳಿಸಿದ ಎಂದು. ಒಂದೂ ಬಿಡದೆ, ಒಂಬತ್ತು ಅಂಕಿಯನ್ನೂ ಸೇರಿಸಿ ಹೇಳಿದೆ. ಸುಜಾತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟು ತಿಂಗಳಾಗಿತ್ತು ಅವಳು ಹಾಗೆ ನಕ್ಕು.

“ಯಾರರಿ ಆ ಅತಿ ಜಾಣ, ದೀಡ ಶಾಣ್ಯಾ?” ಅಂದಳು.

ನಮ್ಮ ಓಣಿಯವನೇ, ನಿನಗೂ ಗುರುತಿದ್ದಾನೆ ಎಂದೆ.

ಅವಳು ಕಣ್ಣೊರೆಸಿಕೊಂಡಳು. ನಗು ನಿಧಾನವಾಗಿ ಇಳಿಯಿತು. “ಪಾಪ, ಅಂಥವನ ಕೈಯಾಗ ಸಿಕ್ಕಾಳಲ್ಲ ಆಕಿ,” ಅಂದಳು. “ಮುಂದ ಆಕಿದು ಹ್ಯಾಂಗರಿ?”

“ನನಗೂ ಅದೇ ಚಿಂತಿ ಆಗ್ಯದ,” ಎಂದೆ.